ಹಿಮ್ಮಡಿಯ ಒಂದು ಹನಿ ರಕ್ತ

ಬಾಳೆಹೊಸೂರಿನಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ, ಮದುವೆಯ ಮಾತು ಬಂದೊಡನೆ ಹಿರಿಯರ ಕಣ್ಣು ಮೊದಲು ಹರಿಯುವುದು ಕಳ್ಳುಬಳ್ಳಿಯ ಕಡೆಗೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಂಡರೆ ಕಂಡ ಮನೆತನ, ತಿಳಿದ ನಡತೆ ಎಂಬ ನೆಮ್ಮದಿ. ಆದರೆ ಹುಟ್ಟುವಾಗ ಚೆನ್ನಾಗಿದ್ದ ಕೂಸು ತಿಂಗಳುಗಳು ಕಳೆದಂತೆ ಬುದ್ಧಿಯಲ್ಲಿ ಹಿಂದೆ ಬಿದ್ದಿತೆನ್ನಿ, ದೂರೆಲ್ಲ ತಾಯಿಯ ಮೇಲೆ. ಗ್ರಹಣವೆನ್ನುವರು, ಶಾಪವೆನ್ನುವರು. ಓದುಗರೇ, ಇಂಥ ಒಂದು ಬೇನೆಯ ನಿಜವಾದ ಕಾರಣ ಹೊರಬಿದ್ದುದು ಒಬ್ಬ ತಾಯಿಯ ಹಟದಿಂದಲೇ ಎಂಬುದನ್ನು ತಾವು ತಿಳಿಯಬೇಕು.

ಆಕೆ ನಾರ್ವೆ ದೇಶದವಳು. ಇಬ್ಬರು ಮಕ್ಕಳಿಗೂ ಬುದ್ಧಿ ಬೆಳೆಯದಿರಲು ವೈದ್ಯರಿಂದ ವೈದ್ಯರಿಗೆ ಅಲೆದು, 1934ರಲ್ಲಿ ಡಾಕ್ಟರ್ ಆಸ್ಬ್ಯೋರ್ನ್ ಫೋಲಿಂಗ್ ಅವರಲ್ಲಿಗೆ ಬಂದಳು. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಹೀಗೆ ಬಯಲಾದ ಬೇನೆಗೆ ಫೀನೈಲ್‌ಕೀಟೋನ್ಯೂರಿಯ ಎಂದು ಹೆಸರು.

ಹಾಲು, ಬೇಳೆ, ಜೋಳ ಮೊದಲಾದವುಗಳ ಪ್ರೋಟೀನಿನಲ್ಲಿ ಫೀನೈಲ್‌ಅಲನೀನ್ ಎಂಬ ಅಂಶವುಂಟು. ಅದನ್ನು ಮಾರ್ಪಡಿಸುವ ಕಿಣ್ವ ಈ ಮಕ್ಕಳ ಯಕೃತ್ತಿನಲ್ಲಿ ಸರಿಯಾಗಿ ಕೆಲಸ ಮಾಡದು. ಆ ಅಂಶ ರಕ್ತದಲ್ಲಿ ಶೇಖರವಾಗಿ, ಬೆಳೆಯುತ್ತಿರುವ ಮೆದುಳಿಗೆ ಕೇಡು ಮಾಡುತ್ತದೆ. ಬೇನೆ ಬರಬೇಕಾದರೆ ದೋಷವುಳ್ಳ ಜೀನು ತಾಯಿಯಿಂದ ಒಂದು, ತಂದೆಯಿಂದ ಒಂದು ಬರಬೇಕು. ಒಂದೇ ಇದ್ದವರು ಆರೋಗ್ಯವಾಗಿಯೇ ಇರುತ್ತಾರೆ. ದಂಪತಿಗಳಿಬ್ಬರಲ್ಲೂ ಒಂದೊಂದಿದ್ದರೆ, ಪ್ರತಿ ಬಸಿರಿಗೂ ನಾಲ್ಕರಲ್ಲೊಂದು ಪಾಲು ಸಂಭವ. ಒಂದೇ ಬಳ್ಳಿಯವರು ಮದುವೆಯಾದಾಗ ಅದೇ ದೋಷ ಇಬ್ಬರಲ್ಲೂ ಇರುವ ಸಂಭವ ಹೆಚ್ಚು. ಹಾಗೆಂದು ಗಾಬರಿಯಾಗಬೇಕಿಲ್ಲ, ಸೋದರಿಕೆಯಲ್ಲಿ ಹುಟ್ಟಿದ ಬಹುಪಾಲು ಮಕ್ಕಳು ಆರೋಗ್ಯವಂತರೇ.

ಇಂಗ್ಲೆಂಡಿನ ಬರ್ಮಿಂಗ್ಹ್ಯಾಮಿನಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಸಂಗಡಿಗರು, ಆ ಅಂಶವನ್ನು ತಗ್ಗಿಸಿದ ಆಹಾರದಿಂದ ಒಂದು ಕೂಸು ಸುಧಾರಿಸಿದುದನ್ನು 1953ರಲ್ಲಿ ಪ್ರಕಟಿಸಿದರು. ಆದರೆ ಒಮ್ಮೆ ಆದ ಕೇಡು ಪೂರ್ತಿ ತಿದ್ದದು. ಆದ್ದರಿಂದ ಬೇನೆ ತಲೆದೋರುವ ಮೊದಲೇ ಅದನ್ನು ಹಿಡಿಯಬೇಕು. ಅದಕ್ಕೆ ದಾರಿ ತೋರಿದವರು ಅಮೆರಿಕದ ರಾಬರ್ಟ್ ಗಥ್ರಿ. ಕೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಕಾಗದಕ್ಕೆ ಹೀರಿಸಿ ಪರೀಕ್ಷಿಸುವ ಅವರ ವಿಧಾನ 1963ರಲ್ಲಿ ಅಚ್ಚಾಯಿತು.

ನವಜಾತ ಶಿಶುಗಳಲ್ಲಿ ಇಂಥ ಬೇನೆಗಳನ್ನು ಹುಡುಕುವ ಕಾರ್ಯ 1980ರ ದಶಕದಲ್ಲಿ ನಮ್ಮ ನಾಡಿನಲ್ಲೂ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳ 1988ರ ವರದಿ, ಕರ್ನಾಟಕದ 1,12,269 ಶಿಶುಗಳ ಪರೀಕ್ಷೆಯನ್ನು ಕುರಿತದ್ದು. ಅದೇ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ತಾಯಂದಿರನ್ನು ವಿಚಾರಿಸಿದಾಗ, ಸುಮಾರು ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದ್ದೆಂದು ತಿಳಿಯಿತು.

ಈ ಮಕ್ಕಳಿಗೆ ಬೇಕಾದ ವಿಶೇಷ ಆಹಾರ ದುಬಾರಿ. ಅದನ್ನು ಬಾಳೆಲ್ಲ ಪಾಲಿಸಬೇಕು. ಭಾರತದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿ ಈ ಬೇನೆಯೂ ಸೇರಿದೆ. ಆದರೂ ಹಿಮ್ಮಡಿಯ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿಯೂ ತಾನಾಗಿ ನಡೆಯುವುದಿಲ್ಲ. ಆದುದರಿಂದ ತಮ್ಮ ಮನೆಯಲ್ಲಿ ಕೂಸು ಹುಟ್ಟಿದಾಗ, ಅದು ಒಂದೆರಡು ದಿನ ಹಾಲು ಕುಡಿದ ಮೇಲೆ ಈ ಪರೀಕ್ಷೆಯಾಗುವುದೇ ಎಂದು ವೈದ್ಯರನ್ನು ಕೇಳಿರಿ. ಸೋದರಿಕೆಯ ಮದುವೆಯಾಗಿದ್ದರೆ ಅದನ್ನೂ ಸಂಕೋಚವಿಲ್ಲದೆ ಹೇಳಿರಿ. ಬಾಣಂತಿಯನ್ನು ಮಾತ್ರ ದೂರಬೇಡಿರಿ.