ಕುದಿಸಿದರೂ ಸಾಯದ ಹುಲ್ಲಿನ ಬ್ಯಾಕ್ಟೀರಿಯಾ

ಪ್ರೋಗ್ರಾಮ್ ಬರೆಯುವವರಿಗೆಲ್ಲ ಒಂದು ಜಗಳ ಚಿರಪರಿಚಿತ. ಟೆಸ್ಟಿಂಗ್‌ನವರು "ಇಲ್ಲಿ ಕೆಡ್ತಿದೆ" ಅಂತಾರೆ, ನಾವು "ನನ್ನ ಮಶೀನಲ್ಲಿ ಸರಿಯಾಗೇ ಓಡ್ತಿದೆಯಲ್ಲ" ಅಂತೀವಿ. ಕೊನೆಗೆ ನೋಡಿದರೆ ಇಬ್ಬರೂ ಸುಳ್ಳು ಹೇಳಿರೋದಿಲ್ಲ. ಇಂಥದ್ದೇ ಜಗಳ 1860ರ ಸುಮಾರಿಗೆ ಫ್ರಾನ್ಸಿನಲ್ಲಿ ನಡೆದಿತ್ತು. ಅದರ ಮೂಲ ಒಂದು ಹಿಡಿ ಒಣಹುಲ್ಲು!

ಜೀವ ತನ್ನಷ್ಟಕ್ಕೆ ತಾನೇ ಹುಟ್ಟುತ್ತದೆಯೇ? ರೂವಾನ್ ಊರಿನ ಫೆಲಿಕ್ಸ್ ಪೂಶೆ ಹೌದು ಅಂತ 1859ರಲ್ಲಿ ಪುಸ್ತಕವನ್ನೇ ಬರೆದ. ಒಣಹುಲ್ಲು ನೆನೆಸಿದ ನೀರನ್ನು ಕುದಿಸಿಟ್ಟರೂ ಅದರಲ್ಲಿ ಸೂಕ್ಷ್ಮಜೀವಿಗಳು ಕಾಣಿಸಿಕೊಳ್ಳುತ್ತಿದ್ದವು. ಲೂಯಿ ಪಾಶ್ಚರ್ ಇಲ್ಲ ಅಂದ. ಅವನು ಕುದಿಸಿದ್ದು ಯೀಸ್ಟ್ ಬೆರೆತ ಸಕ್ಕರೆ ನೀರು. ಅದು ಕೆಡಲೇ ಇಲ್ಲ. 1864ರಲ್ಲಿ ವಿಜ್ಞಾನ ಅಕಾಡೆಮಿಯ ಸಮಿತಿಯೆದುರು ಪ್ರಯೋಗದ ಷರತ್ತುಗಳು ಒಪ್ಪಿಗೆಯಾಗದೆ ಪೂಶೆ ಹಿಂದೆ ಸರಿದ. ಪಾಶ್ಚರ್ ಗೆದ್ದ. ಪಾಶ್ಚರನೂ ಅದೇ ಹುಲ್ಲಿನ ನೀರು ಕುದಿಸಿದ್ದರೆ ಏನಾಗುತ್ತಿತ್ತೋ!

ಇದರ ಬಿಸಿ ತಟ್ಟಿದ್ದು ಪಾಶ್ಚರನ ಪರವಾಗಿದ್ದ ಜಾನ್ ಟಿಂಡಾಲ್‌ಗೆ. ಮೊದಲೆಲ್ಲ ಐದು ನಿಮಿಷ ಕುದಿಸಿದರೆ ಸಾಕಾಗುತ್ತಿದ್ದ ದ್ರಾವಣಗಳು, 1876ರಲ್ಲಿ ಲಂಡನ್ನಿನ ಅವನ ಪ್ರಯೋಗಾಲಯಕ್ಕೆ ಹಳೆಯ ಒಣಹುಲ್ಲು ಬಂದ ಮೇಲೆ ಎಷ್ಟು ಕುದಿಸಿದರೂ ಕೆಡತೊಡಗಿದವು. ಕ್ಯೂ ತೋಟದ ಬೇರೆ ಕಟ್ಟಡಕ್ಕೆ ಹೋಗಿ ಮಾಡಿದರೆ ಮತ್ತೆ ಎಲ್ಲ ಸರಿ!

ಅದೇ 1876ರಲ್ಲಿ ಬ್ರೆಸ್ಲೌನ ಫರ್ಡಿನಾಂಡ್ ಕೋನ್ ಕಾರಣ ಕಂಡುಹಿಡಿದ. ಹುಲ್ಲಿನಲ್ಲಿದ್ದದ್ದು ಬ್ಯಾಸಿಲಸ್ ಸಬ್ಟಿಲಿಸ್ (ಈ ಹೆಸರನ್ನು 1872ರಲ್ಲಿ ಕೊಟ್ಟವನೂ ಅವನೇ). ಆಹಾರ ಮುಗಿದಾಗ ಇದು ತನ್ನನ್ನು ಎರಡು ಅಸಮ ಭಾಗ ಮಾಡಿಕೊಳ್ಳುತ್ತದೆ. ದೊಡ್ಡ ಭಾಗ ಚಿಕ್ಕದನ್ನು ನುಂಗಿ, ಅದರ ಸುತ್ತ ಗಟ್ಟಿ ಕವಚ ಕಟ್ಟಿ, ತಾನು ಒಡೆದು ಸಾಯುತ್ತದೆ. ಉಳಿಯುವುದು ಬೀಜಕ. ಕುದಿಯುವ ನೀರಿಗೂ ಅದು ಜಗ್ಗೋದಿಲ್ಲ.

1877ರಲ್ಲಿ ಟಿಂಡಾಲ್ ಒಂದು ಉಪಾಯ ಮಾಡಿದ. ಒಂದೇ ಸಲ ಗಂಟೆಗಟ್ಟಲೆ ಕುದಿಸೋ ಬದಲು, ಸ್ವಲ್ಪ ಬಿಸಿ ಮಾಡಿ, ಬಿಟ್ಟು, ಮತ್ತೆ ಬಿಸಿ ಮಾಡೋದು. ನಡುವಿನ ಬಿಡುವಿನಲ್ಲಿ ಬೀಜಕ ಮೊಳೆಯುತ್ತದೆ, ಕವಚ ಕಳಚುತ್ತದೆ, ಮುಂದಿನ ಬಿಸಿಗೆ ಸಾಯುತ್ತದೆ. ಅಮ್ಮ ಬಸ್ಸಾರನ್ನು ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕುದಿಸಿಡುವಾಗ ನನಗೆ ಈಗ ಟಿಂಡಾಲನ ನೆನಪಾಗುತ್ತದೆ :-) ಆದರೆ ಬೀಜಕಗಳನ್ನು ಒಂದೇ ಸಲಕ್ಕೆ ಮುಗಿಸೋಕೆ ಒತ್ತಡದ ಹಬೆಯೇ ಬೇಕು, 121 ಡಿಗ್ರಿ.

ಹಾಗಂತ ಇದು ಖಳನಾಯಕನೇನಲ್ಲ. ಮಣ್ಣಿನಲ್ಲಿ ಬೇರಿಗೆ ಅಂಟಿಕೊಂಡು ರೋಗ ತರುವ ಶಿಲೀಂಧ್ರಗಳನ್ನು ತಡೆಯುತ್ತದೆ. ಮೇವಿನ ಜೊತೆ ಬೀಜಕವಾಗಿ ಹೊಟ್ಟೆ ಸೇರಿ, ಕರುಳಿನಲ್ಲಿ ಮೊಳೆತು ಬೆಳೆದು, ಮತ್ತೆ ಬೀಜಕವಾಗಿ ಸಗಣಿಯೊಡನೆ ಮಣ್ಣಿಗೇ ಮರಳಬಲ್ಲದು.

ಪೂಶೆ 1872ರಲ್ಲಿ ತೀರಿಕೊಂಡ, ಕೋನ್ ಉತ್ತರ ಕೊಡುವುದಕ್ಕೆ ನಾಲ್ಕು ವರ್ಷ ಮೊದಲು. ಅವನ ತೀರ್ಮಾನ ತಪ್ಪಾಗಿತ್ತು, ನಿಜ. ಆದರೆ ಕುದಿಸಿದ ಹುಲ್ಲಿನ ನೀರಿನಲ್ಲಿ ಅವನು ಜೀವ ಕಂಡದ್ದು ಸುಳ್ಳಾಗಿರಲಿಲ್ಲ. ಮುಂದಿನ ಸಲ ಟೆಸ್ಟಿಂಗ್‌ನವರು ಬಂದಾಗ, ಜಗಳಕ್ಕೆ ಮೊದಲು ಅವರ ಮಶೀನಿನ ಹತ್ತಿರ ಹೋಗಿ ಒಮ್ಮೆ ನೋಡಿ ಬರಬೇಕು ಅಂದುಕೊಂಡಿದ್ದೇನೆ.