ಮೈಸೂರು ನಗರದ ಕಾರ್ಖಾನೆಗಳು: ಒಡೆತನದ ಒಂದು ಶತಮಾನ

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಮೈಸೂರು ನಗರದಲ್ಲಿ ನೆಲೆಯೂರಿದ ಪ್ರಮುಖ ಕಾರ್ಖಾನೆಗಳಲ್ಲಿ ಹಲವು ಸಂಸ್ಥಾನದ ಬೊಕ್ಕಸದ ಹಣದಿಂದಲೇ ಹುಟ್ಟಿದವು. ಹೊಸ ಉದ್ಯಮಕ್ಕೆ ಬಂಡವಾಳ ಹೂಡಲು ವರ್ತಕರು ಹಿಂಜರಿಯುತ್ತಿದ್ದ ಆ ಕಾಲದಲ್ಲಿ, ಆರಂಭದ ನಷ್ಟವನ್ನು ಸರ್ಕಾರ ತಾನೇ ಹೊತ್ತು ದಾರಿ ತೆರೆಯಬೇಕೆಂಬುದು ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತದ, ವಿಶೇಷವಾಗಿ 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರ, ನಿಲುವಾಗಿತ್ತು. ಅಂದು ಸರ್ಕಾರದ್ದಾಗಿದ್ದ ಕಾರ್ಖಾನೆಗಳಲ್ಲಿ ಕೆಲವು ಇಂದಿಗೂ ಸರ್ಕಾರದ ಕೈಯಲ್ಲಿಯೇ ಇವೆ. ಆ ಬಳಿಕ ಬಂದ ಕೆಲವು ಖಾಸಗಿಯವರ ಪಾಲಾದವು, ಕೆಲವು ಮುಚ್ಚಿಹೋದವು. ನಷ್ಟವನ್ನು ಯಾರು ಹೊರುತ್ತಾರೆ, ಬಾಗಿಲು ಮುಚ್ಚುವ ನಿರ್ಧಾರ ಯಾರದು ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಈ ಚರಿತ್ರೆಯನ್ನು ನೋಡಿದರೆ, ಒಡೆತನದ ಬಗೆಗಳ ನಡುವಿನ ನಿಜವಾದ ಅಂತರ ತಿಳಿಯುತ್ತದೆ.

1912ರಲ್ಲಿ ಮಹಾರಾಜರ ಆಶ್ರಯದಲ್ಲಿ ಮಾನಂದವಾಡಿ ರಸ್ತೆಯಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಸ್ವಿಟ್ಜರ್ಲೆಂಡಿನಿಂದ ತರಿಸಿದ ವಿದ್ಯುತ್ ಮಗ್ಗಗಳ ಮೇಲೆ ನಡೆಯಿತು. 1917ರ ಗಂಧದೆಣ್ಣೆ ಕಾರ್ಖಾನೆಯ ಹಿನ್ನೆಲೆ ಬೇರೆಯೇ ಆಗಿತ್ತು. ಸಂಸ್ಥಾನದಲ್ಲಿ ಶ್ರೀಗಂಧದ ಮರ ಯಾರ ಜಮೀನಿನಲ್ಲಿ ಬೆಳೆದರೂ ಸರ್ಕಾರದ ಸ್ವತ್ತೆಂದೇ ಪರಿಗಣಿತವಾಗಿತ್ತು. ಕೊರಡುಗಳನ್ನು ಹರಾಜು ಹಾಕಿದರೆ ಯುರೋಪಿನವರು ಕೊಂಡೊಯ್ದು ಎಣ್ಣೆ ತೆಗೆಯುತ್ತಿದ್ದರು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ಮಾರುಕಟ್ಟೆ ಕೈತಪ್ಪಿದಾಗ ದಾಸ್ತಾನು ಕೊಳೆಯದಂತೆ ಎಣ್ಣೆಯನ್ನು ಇಲ್ಲಿಯೇ ಬಟ್ಟಿ ಇಳಿಸುವುದು ಅನಿವಾರ್ಯವಾಯಿತು. ಕಚ್ಚಾವಸ್ತುವಿನ ಏಕಸ್ವಾಮ್ಯ ಸರ್ಕಾರದ ಕೈಯಲ್ಲಿದ್ದುದರಿಂದ ಕಾರ್ಖಾನೆಯೂ ಸರ್ಕಾರದ್ದೇ ಆದದ್ದು ಸಹಜ.

ಇವೆರಡೂ ಆರಂಭದಲ್ಲಿ ಕಂಪನಿಗಳಾಗಿರಲಿಲ್ಲ. ಸರ್ಕಾರದ ಇಲಾಖೆಯ ಅಂಗವಾಗಿ ನಡೆಯುವ ಉದ್ಯಮಕ್ಕೆ ಪ್ರತ್ಯೇಕ ಷೇರು ಬಂಡವಾಳವಾಗಲಿ ನಿರ್ದೇಶಕ ಮಂಡಳಿಯಾಗಲಿ ಇರುವುದಿಲ್ಲ. ಆದಾಯ ಖಜಾನೆಗೆ ಸೇರುತ್ತದೆ, ವೆಚ್ಚಕ್ಕೆ ಆಯವ್ಯಯದಲ್ಲಿ ಮಂಜೂರಾತಿ ಬೇಕಾಗುತ್ತದೆ, ನಷ್ಟ ಬಂದರೆ ಅದು ರಾಜ್ಯದ ಲೆಕ್ಕದಲ್ಲಿ ಕರಗಿಹೋಗುತ್ತದೆ. ಸ್ವಾತಂತ್ರ್ಯಾನಂತರ ರೇಷ್ಮೆ ಇಲಾಖೆಯ ವಶಕ್ಕೆ ಬಂದ ನೇಯ್ಗೆ ಕಾರ್ಖಾನೆ 1980ರಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ವರ್ಗವಾಯಿತು. ಗಂಧದೆಣ್ಣೆ ಕಾರ್ಖಾನೆಯೂ ಅದೇ ವರ್ಷ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಕಂಪನಿಯ ಭಾಗವಾಯಿತು. ಮಾಲೀಕ ಬದಲಾಗಲಿಲ್ಲ, ಬದಲಾದದ್ದು ಒಡೆತನದ ರೂಪ.

ಕಂಪನಿಯೆಂದರೆ ಕಾನೂನಿನ ಕಣ್ಣಿಗೆ ತನ್ನ ಸದಸ್ಯರಿಂದ ಬೇರೆಯಾದ ಒಬ್ಬ ವ್ಯಕ್ತಿ. ಅದು ಸ್ವಂತ ಹೆಸರಿನಲ್ಲಿ ಆಸ್ತಿ ಹೊಂದಬಹುದು, ಸಾಲ ಮಾಡಬಹುದು, ನ್ಯಾಯಾಲಯದ ಮೆಟ್ಟಿಲೇರಬಹುದು. ಸದಸ್ಯನ ಹೊಣೆ ತಾನು ಕೊಂಡ ಷೇರಿನ ಬೆಲೆಗೆ ಸೀಮಿತ. ಇಂಥ ಕಂಪನಿಗಳನ್ನು ಕಾನೂನು ಮುಖ್ಯವಾಗಿ ಎರಡಾಗಿ ವಿಂಗಡಿಸುತ್ತದೆ. ಖಾಸಗಿ ಕಂಪನಿ ತನ್ನ ಷೇರುಗಳ ವರ್ಗಾವಣೆಯನ್ನು ನಿರ್ಬಂಧಿಸುತ್ತದೆ ಮತ್ತು 2013ರ ಕಾಯ್ದೆಯ ಪ್ರಕಾರ 200ಕ್ಕಿಂತ ಹೆಚ್ಚು ಸದಸ್ಯರನ್ನು ಹೊಂದುವಂತಿಲ್ಲ. 1956ರ ಕಾಯ್ದೆಯಲ್ಲಿ ಆ ಮಿತಿ 50 ಆಗಿತ್ತು. ಸಾರ್ವಜನಿಕ ಕಂಪನಿಗೆ ಕನಿಷ್ಠ 7 ಸದಸ್ಯರು ಬೇಕು, ಗರಿಷ್ಠ ಮಿತಿಯಿಲ್ಲ, ಅದು ಜನರಿಂದ ಬಂಡವಾಳ ಕೇಳಬಹುದು. ಸರ್ಕಾರದ ಬಳಿ ಶೇಕಡ 51 ಅಥವಾ ಅದಕ್ಕಿಂತ ಹೆಚ್ಚು ಪಾವತಿಯಾದ ಷೇರು ಬಂಡವಾಳ ಇದ್ದರೆ ಅದು ಸರ್ಕಾರಿ ಕಂಪನಿ. ಷೇರು ಯಾರು ಕೊಳ್ಳಬಹುದು ಎಂಬುದು ಒಂದು ಪ್ರಶ್ನೆ, ವಾಸ್ತವದಲ್ಲಿ ಅದು ಯಾರ ಕೈಯಲ್ಲಿದೆ ಎಂಬುದು ಮತ್ತೊಂದು. ಇವೆರಡನ್ನು ಒಂದೆಂದು ಭಾವಿಸುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತದೆ.

ಬನ್ನಿಮಂಟಪದ ಅರಗಿನ ಕಾರ್ಖಾನೆಯ ಚರಿತ್ರೆ ಈ ಎರಡು ಪ್ರಶ್ನೆಗಳ ನಡುವೆ ಸಾಗುತ್ತದೆ. ಸಂಸ್ಥಾನದ ಕಾಡುಗಳಲ್ಲಿ ಸಿಗುತ್ತಿದ್ದ ಅರಗನ್ನು ಬಳಸಿಕೊಂಡು ಸ್ಥಳೀಯರಿಗೆ ಉದ್ಯೋಗ ಒದಗಿಸಲು ನಾಲ್ವಡಿಯವರ ಕಾಲದಲ್ಲಿ 1937ರಲ್ಲಿ ಆರಂಭವಾದ ಈ ಉದ್ಯಮ 1947ರಲ್ಲಿ ಸಾರ್ವಜನಿಕ ಕಂಪನಿಯಾಯಿತು. 1989ರಲ್ಲಿ ಅದರ ಹೆಸರು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದಾಯಿತು. ಬಹುಪಾಲು ಷೇರು ರಾಜ್ಯ ಸರ್ಕಾರದ್ದು. ಮೊದಲ ಮಹಾಚುನಾವಣೆಯಲ್ಲಿ ಮತಪೆಟ್ಟಿಗೆಗಳಿಗೆ ಮುದ್ರೆಯೊತ್ತುವ ಅರಗನ್ನು ಒದಗಿಸಿದ ಈ ಕಾರ್ಖಾನೆ 1962ರ ಚುನಾವಣೆಯಿಂದ ಅಳಿಸಲಾಗದ ಶಾಯಿಯನ್ನು ತಯಾರಿಸುತ್ತಿದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಆ ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿ ಬೆಳಕಿಗೆ ಒಡ್ಡಿಕೊಂಡಾಗ ಕಪ್ಪಾಗುತ್ತದೆ. ಸೋಪು ಹಚ್ಚಿ ಎಷ್ಟು ಉಜ್ಜಿದರೂ ಹೋಗದೆ, ಹೊಸ ಚರ್ಮ ಮತ್ತು ಉಗುರು ಬೆಳೆದ ಹಾಗೆಲ್ಲ ಮಾತ್ರ ಅಳಿಯುತ್ತದೆ. ಗುಟ್ಟಾಗಿ ಉಳಿಯಬೇಕಾದ ಸೂತ್ರವೊಂದನ್ನು ಸರ್ಕಾರದ ಹಿಡಿತದಲ್ಲಿರುವ ಒಂದೇ ಕಾರ್ಖಾನೆಗೆ ವಹಿಸಿದ್ದು ಸರಿಯಾದ ತೀರ್ಮಾನವಾಗಿತ್ತು. ಆದರೆ ಆ ಕಂಪನಿ ಉಳಿದದ್ದಕ್ಕೆ ಒಡೆತನವಷ್ಟೇ ಕಾರಣವಲ್ಲ, ಚುನಾವಣಾ ಆಯೋಗವೆಂಬ ಖಚಿತ ಗ್ರಾಹಕನಿದ್ದದ್ದೂ ಅಷ್ಟೇ ಮುಖ್ಯವಾದ ಕಾರಣ.

ಅಂಥ ಗ್ರಾಹಕನಿಲ್ಲದ ಖಾಸಗಿ ಉದ್ಯಮದ ದಾರಿ ಬೇರೆ. 1948ರಲ್ಲಿ ಎನ್. ರಂಗರಾವ್ ಆರಂಭಿಸಿದ ಊದುಬತ್ತಿ ವ್ಯಾಪಾರ ಸೈಕಲ್ ಬ್ರಾಂಡಿನ ಮೂಲಕ ಬೆಳೆದು ಇಂದಿಗೂ ಕುಟುಂಬದ ಒಡೆತನದಲ್ಲಿದೆ. ಯಾದವಗಿರಿಯ ಐಡಿಯಲ್ ಜಾವಾಕ್ಕೆ ಆ ಭಾಗ್ಯವಿರಲಿಲ್ಲ. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ತಂತ್ರಜ್ಞಾನದೊಂದಿಗೆ, ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ 1961ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆ ಮುಂದೆ ಯೆಜ್ಡಿ ಹೆಸರಿನ ಬೈಕುಗಳಿಂದ ಮೈಸೂರಿಗೆ ದೇಶಾದ್ಯಂತ ಹೆಸರು ತಂದಿತು. ಬಂಡವಾಳ ಖಾಸಗಿಯವರದ್ದಾದರೂ ಅಂದಿನ ಪರವಾನಗಿ ವ್ಯವಸ್ಥೆಯಲ್ಲಿ ಕಾರ್ಖಾನೆ ತೆರೆಯಲೂ ವಿಸ್ತರಿಸಲೂ ಸರ್ಕಾರದ ಅಪ್ಪಣೆ ಬೇಕಿತ್ತು. ಆಮದಿನ ಮೇಲಿನ ತಡೆ ಅದಕ್ಕೆ ರಕ್ಷಣೆಯನ್ನೂ ಕೊಟ್ಟಿತ್ತು. 1980ರ ದಶಕದಲ್ಲಿ ಜಪಾನೀ ಸಹಯೋಗದ, ಕಡಿಮೆ ಪೆಟ್ರೋಲ್ ಕುಡಿಯುವ ಬೈಕುಗಳು ಬಂದ ಮೇಲೆ, ಬಳಿಕ ಹೊಗೆಯ ಮೇಲಿನ ನಿಯಮಗಳೂ ಬಿಗಿಯಾದ ಮೇಲೆ, ಟು ಸ್ಟ್ರೋಕ್ ಎಂಜಿನ್ನನ್ನೇ ನಂಬಿದ್ದ ಕಂಪನಿ ಕುಸಿದು 1996ರಲ್ಲಿ ಉತ್ಪಾದನೆ ನಿಂತಿತು.

ಆ ಕಾಲದಲ್ಲಿ ಇಂಥ ಕಂಪನಿ ಸಮಾಪನೆಗೆ ಹೋದಾಗ, ಅಂದರೆ ಅದರ ಆಸ್ತಿ ಮಾರಿ ಸಾಲ ತೀರಿಸುವ ಹಂತ ತಲುಪಿದಾಗ, ಉಚ್ಚ ನ್ಯಾಯಾಲಯದ ಅಧೀನದ ಅಧಿಕೃತ ಸಮಾಪಕ ಅದರ ಸ್ವತ್ತನ್ನು ವಶಕ್ಕೆ ತೆಗೆದುಕೊಳ್ಳುತ್ತಿದ್ದ. 1985ರ ತಿದ್ದುಪಡಿಯಿಂದ ಕಾರ್ಮಿಕರ ಬಾಕಿಗೆ ಅಡಮಾನದ ಮೇಲೆ ಸಾಲ ಕೊಟ್ಟವರ ಹಕ್ಕಿಗೆ ಸಮನಾದ ಸ್ಥಾನ ಸಿಕ್ಕಿತ್ತು. ಅದಕ್ಕೂ ಮೊದಲು ಬ್ಯಾಂಕುಗಳ ಪಾಲು ತೀರಿದ ಮೇಲೆ ಉಳಿದುದರಲ್ಲಿ ಮಾತ್ರ ದುಡಿದವರಿಗೆ ದಕ್ಕುತ್ತಿತ್ತು. ಕಂಪನಿ ಕಾನೂನಿನಲ್ಲಿ ಇದಕ್ಕಿಂತ ನ್ಯಾಯವಾದ ಬದಲಾವಣೆಗಳು ವಿರಳ. ಯೆಜ್ಡಿ ಎಂಬ ಹೆಸರು ಯಾರ ಸ್ವತ್ತೆಂಬ ವ್ಯಾಜ್ಯವಂತೂ ಕಾರ್ಖಾನೆ ಮುಚ್ಚಿ ಎರಡೂವರೆ ದಶಕ ಕಳೆದ ಮೇಲೂ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ನಡೆಯಿತು. ಖಾಸಗಿ ಉದ್ಯಮದಲ್ಲಿ ಯಂತ್ರ ತುಕ್ಕು ಹಿಡಿದ ಮೇಲೂ ಹೆಸರಿಗೆ ಬೆಲೆ ಇರುತ್ತದೆ.

ಸರ್ಕಾರದ ಕೈಯಿಂದ ಖಾಸಗಿಯವರ ಕೈಗೆ ದಾಟಿದ ಉದಾಹರಣೆ ವಿಕ್ರಾಂತ್ ಟೈರ್ಸ್. ರಾಜ್ಯ ಸರ್ಕಾರದ ಪಾಲುದಾರಿಕೆಯಲ್ಲಿ ಬೆಳೆದ ಈ ಕಂಪನಿಯನ್ನು 1997ರಲ್ಲಿ ಜೆ.ಕೆ. ಸಮೂಹ ವಹಿಸಿಕೊಂಡಿತು, ಕಾರ್ಖಾನೆ ಉಳಿಯಿತು, ವಿಕ್ರಾಂತ್ ಎಂಬ ಹೆಸರೂ ಉಳಿಯಿತು. ಬೆಳವಾಡಿಯಲ್ಲಿ ಘಟಕ ಹೊಂದಿರುವ ಬಿಇಎಂಎಲ್ ಸರ್ಕಾರಿ ಮತ್ತು ಖಾಸಗಿ ಒಡೆತನಗಳ ನಡುವೆ ನಿಲ್ಲುತ್ತದೆ: 1964ರಲ್ಲಿ ರಕ್ಷಣಾ ಸಚಿವಾಲಯದ ಅಡಿಯಲ್ಲಿ ಸ್ಥಾಪನೆಯಾದ ಆ ಕಂಪನಿಯಲ್ಲಿ ಬಹುಮತದ ಷೇರು ಕೇಂದ್ರ ಸರ್ಕಾರದ್ದು, ಉಳಿದದ್ದನ್ನು ಷೇರುಪೇಟೆಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು.

ಮೈಸೂರಿನಲ್ಲಿ ಇದಕ್ಕೂ ವಿಶಿಷ್ಟವಾದ ಒಂದು ಬಗೆಯಿದೆ. 1995ರ ಫೆಬ್ರುವರಿಯಲ್ಲಿ ನೋಂದಣಿಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಪ್ರೈವೇಟ್ ಲಿಮಿಟೆಡ್ ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ ನೋಟು ಅಚ್ಚುಹಾಕುತ್ತದೆ. ಕಾನೂನಿನ ವಿಂಗಡಣೆಯಲ್ಲಿ ಅದು ಖಾಸಗಿ ಕಂಪನಿ. ಆದರೆ ಅದರ ಇಡೀ ಒಡೆತನ ರಿಸರ್ವ್ ಬ್ಯಾಂಕಿನದು. ಆ ರಿಸರ್ವ್ ಬ್ಯಾಂಕ್ ತಾನೇ 1935ರಲ್ಲಿ ಖಾಸಗಿ ಷೇರುದಾರರ 5 ಕೋಟಿ ರೂಪಾಯಿ ಬಂಡವಾಳದಿಂದ ಆರಂಭವಾಗಿ 1949ರ ಜನವರಿ 1ರಂದು ರಾಷ್ಟ್ರೀಕರಣಗೊಂಡ ಸಂಸ್ಥೆ. ನೋಟಿನ ಕಾಗದವನ್ನೂ ದೇಶದಲ್ಲಿಯೇ ತಯಾರಿಸಲು 2010ರಲ್ಲಿ ಇದೇ ಮುದ್ರಣ ಕಂಪನಿ ಕೇಂದ್ರ ಸರ್ಕಾರದ ಭದ್ರತಾ ಮುದ್ರಣ ಮತ್ತು ನಾಣ್ಯ ತಯಾರಿಕಾ ನಿಗಮದೊಡನೆ ಸಮಪಾಲಿನಲ್ಲಿ ಸೇರಿ ನಗರದಲ್ಲಿ ಕಾಗದದ ಗಿರಣಿಯೊಂದನ್ನು ಕಟ್ಟಿತು. ಅದೂ ನೋಂದಣಿಯಲ್ಲಿ ಪ್ರೈವೇಟ್ ಲಿಮಿಟೆಡ್. ಅದರ ಒಂದು ಷೇರು ಕೂಡ ಖಾಸಗಿ ವ್ಯಕ್ತಿಯ ಕೈಯಲ್ಲಿಲ್ಲ.