ದೇವಾಪುರದ 1948: ಅರ್ಧಕ್ಕೆ ನಿಂತ ಪಾಠ



ಇತಿಹಾಸದ ಪಾಠ ಆರಂಭಿಸುವಾಗ ನಾನು ಪ್ರತಿವರ್ಷ ಕೇಳುತ್ತಿದ್ದ ಮೊದಲ ಪ್ರಶ್ನೆ ನಿಮಗೆ ನೆನಪಿರಬಹುದು: ಸ್ವಾತಂತ್ರ್ಯ ಬಂದದ್ದು ಯಾವಾಗ? ಒಂದು ವರ್ಷ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, "ಯಾರಿಗ್ರೀ ಸರ್, ದೇಶಕ್ಕೋ ನಮಗೋ?" ಎಂದು ನನ್ನನ್ನೇ ಕೇಳಿದ. ತರಗತಿಯೆಲ್ಲ ನಕ್ಕಿತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ರಾಜಾ ವೆಂಕಟಪ್ಪ ನಾಯಕನ ಬಂಡಾಯವನ್ನು 1858ರಲ್ಲಿ ಅಡಗಿಸಿದ ಆಂಗ್ಲರು 1860ರಲ್ಲಿ ಸುರಪುರ ಸೀಮೆಯನ್ನು ನಿಜಾಮನಿಗೆ ಕೊಟ್ಟರು. ಹೀಗಾಗಿ 1947ರ ಆಗಸ್ಟ್ 15ರಂದು ನಮ್ಮ ದೇವಾಪುರ ಭಾರತದೊಳಗೆ ಇರಲಿಲ್ಲ. ಪಶ್ಚಿಮಕ್ಕೆ ನಡೆದು ತಾಳಿಕೋಟೆ ಮುಟ್ಟಿದರೆ ಮುಂಬಯಿ ಪ್ರಾಂತ, ಅಂದರೆ ಸ್ವತಂತ್ರ ಭಾರತ. ಇತ್ತ ಹಾಲಿ ಸಿಕ್ಕಾ ನಾಣ್ಯ, ಅತ್ತ ಕಲ್ದಾರ ರೂಪಾಯಿ. ಇಲ್ಲಿ ಕಚೇರಿಯ ಭಾಷೆ ಉರ್ದು. ಕಂದಾಯದ ಕಾಗದಗಳಲ್ಲಿ 1948 ಎಂಬ ವರ್ಷವೇ ಇರಲಿಲ್ಲ. ಅದು ಫಸಲಿ 1357.

ಆ ವರ್ಷದ ದೇಶದ ಸುದ್ದಿಗಳನ್ನು ನೋಡಿರಿ. ಜನವರಿಯಲ್ಲಿ ಅಡಿಲೇಡಿನಲ್ಲಿ ವಿಜಯ ಹಜಾರೆ ಒಂದೇ ಟೆಸ್ಟಿನ ಎರಡೂ ಸರದಿಗಳಲ್ಲಿ ಶತಕ ಹೊಡೆದರು, 116 ಮತ್ತು 145. ಆ ಪಂದ್ಯ ಮುಗಿದ ಎರಡೇ ದಿನಕ್ಕೆ, ಜನವರಿ 30ರಂದು, ಗಾಂಧೀಜಿಯ ಹತ್ಯೆ. ಜೂನ್‌ನಲ್ಲಿ ರಾಜಾಜಿ ಗವರ್ನರ್ ಜನರಲ್ ಆದರು. ಆಗಸ್ಟ್ 12ರಂದು ಲಂಡನ್ನಿನ ವೆಂಬ್ಲಿಯಲ್ಲಿ ಕಿಶನ್ ಲಾಲ್ ನಾಯಕತ್ವದ ಹಾಕಿ ತಂಡ ಬ್ರಿಟನ್ನನ್ನು 4–0ಯಿಂದ ಸೋಲಿಸಿ ಚಿನ್ನ ಗೆದ್ದಿತು. ಆಳಿದವರನ್ನು ಅವರ ಅಂಗಳದಲ್ಲಿಯೇ ಸೋಲಿಸಿದ ಗೆಲುವು ಅದು! ಆದರೆ ಕಾಗದದ ಲೆಕ್ಕದಲ್ಲಿ ದೇವಾಪುರಕ್ಕೆ ಇವೆಲ್ಲ ಪರದೇಶದ ಸುದ್ದಿ.

ಇಲ್ಲಿಯ ಸುದ್ದಿ ಬೇರೆಯಾಗಿತ್ತು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿಹಳ್ಳಿಗೂ ಹಬ್ಬಿತ್ತು. ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾದಲ್ಲಿ ಹತ್ಯಾಕಾಂಡ ನಡೆಯಿತು. ಗಡಿಯಾಚೆ ಮುಂಡರಗಿಯಂತಹ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು; ಮುಂಡರಗಿಯದನ್ನು ಅಳವಂಡಿ ಶಿವಮೂರ್ತಿ ಸ್ವಾಮಿಗಳು ನಡೆಸುತ್ತಿದ್ದರು. ಭಾರತದೊಡನೆ ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು. ಇದನ್ನು ಹಿಂದೂ–ಮುಸಲ್ಮಾನರ ಜಗಳವೆಂದಷ್ಟೇ ತಿಳಿದವರು ಈ ಹೆಸರನ್ನು ಮರೆಯಬಾರದು.

ನಮ್ಮ ಅಜ್ಜಿ ಆ ದಿನಗಳನ್ನು ಕಥೆಯಂತೆ ಹೇಳುತ್ತಿದ್ದಳು. ಹಗೇವಿನಲ್ಲಿ ಜೋಳ ತುಂಬಿ ಬಾಯಿಗೆ ಮಣ್ಣು ಮೆತ್ತಿ, ಮಕ್ಕಳನ್ನು ಕಟ್ಟಿಕೊಂಡು ರಾತ್ರಿಯೇ ಚಕ್ಕಡಿಯಲ್ಲಿ ತಾಳಿಕೋಟೆಯತ್ತ ಹೊರಟದ್ದು. ಎತ್ತಿನ ಕೊರಳ ಗೆಜ್ಜೆ ಬಿಚ್ಚಿಟ್ಟದ್ದು. ಮಗು ಅತ್ತರೆ ಬಾಯಿಗೆ ಸೆರಗು ಒತ್ತಿದ್ದು. ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಸೇನೆ ನುಗ್ಗಿತು. 17ರ ಸಂಜೆ ನಿಜಾಮ ರೇಡಿಯೋದಲ್ಲಿ ಶರಣಾಗತಿ ಸಾರಿದ. ಮರುದಿನ ಅವನ ಸೇನಾಪತಿ ಎಲ್ ಎದ್ರೂಸ್ ವಿಧಿಪೂರ್ವಕವಾಗಿ ಶರಣಾದ. ಅಜ್ಜಿ ಊರಿಗೆ ಮರಳಿದಳು. ಕಥೆ ಅಲ್ಲಿಗೇ ನಿಲ್ಲುತ್ತಿತ್ತು. "ಮುಂದ ಏನಾತು?" ಎಂದು ಕೇಳಿದರೆ, "ಮುಂದ ಏನಿಲ್ಲ, ಸುಮ್ನ ಮಲಕೋ" ಎನ್ನುತ್ತಿದ್ದಳು. ನಮ್ಮ ಓಣಿಯ ಪಿಂಜಾರರ ಮನೆಯೊಂದರ ಬಾಗಿಲಿಗೆ ಯಾಕೆ ಬೀಗ ಬಿತ್ತು, ಆ ಮನೆಯವರು ಯಾಕೆ ತಿರುಗಿ ಬರಲಿಲ್ಲ ಎಂಬುದನ್ನು ಅವಳು ಕೊನೆಯವರೆಗೂ ಹೇಳಲಿಲ್ಲ.

ನಾನೂ ಹೇಳಲಿಲ್ಲ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ "ಸೆಪ್ಟೆಂಬರ್ 17, ವಿಮೋಚನೆ" ಎಂದು ಬರೆದು, ಕೆಳಗೆ ಗೆರೆ ಎಳೆದು, ಸೀಮೆಸುಣ್ಣ ಕೆಳಗಿಟ್ಟವನು ನಾನು. ರಜಾಕಾರರ ಕ್ರೌರ್ಯವನ್ನು ವಿವರಿಸಿದ್ದೆ, ಅದು ಸುಳ್ಳಲ್ಲ. ಆದರೆ ಗೆರೆಯ ಕೆಳಗೆ ಬರೆಯಬೇಕಾದದ್ದು ಇತ್ತು. ಸೇನೆ ಬಂದ ಬಳಿಕ ಸೇಡಿನ ಕೊಲೆ, ಲೂಟಿಗಳು ನಡೆದವು. ರಜಾಕಾರರಲ್ಲದ, ಯಾವ ತಪ್ಪೂ ಮಾಡದ ಮುಸಲ್ಮಾನರು ಬಲಿಯಾದರು. ವಿಚಾರಿಸಲು ಭಾರತ ಸರ್ಕಾರವೇ ಪಂಡಿತ ಸುಂದರಲಾಲರ ಸಮಿತಿಯನ್ನು ಕಳುಹಿಸಿತು. ನವೆಂಬರ್ 29ರಿಂದ ಡಿಸೆಂಬರ್ 21ರವರೆಗೆ ಅವರು ಸಂಸ್ಥಾನದಲ್ಲಿ ಸುತ್ತಾಡಿದರು. ಸತ್ತವರು 27 ಸಾವಿರದಿಂದ 40 ಸಾವಿರ ಎಂಬುದು ಆ ಸಮಿತಿಯ ಅಂದಾಜು. ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಾಗಿ ಅದು ಹೆಸರಿಸಿದ್ದು ಉಸ್ಮಾನಾಬಾದ್, ಬೀದರ, ನಾಂದೇಡ ಮತ್ತು ನಮ್ಮ ಗುಲಬರ್ಗಾ. (ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ.) ಜೀವದ ಹಂಗು ತೊರೆದು ನೆರೆಯ ಮುಸಲ್ಮಾನರನ್ನು ಕಾಪಾಡಿದ ಹಿಂದೂಗಳ ವಿಷಯವೂ ಆ ವರದಿಯಲ್ಲಿದೆ.

ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ಓದಲು ಸಿಗುತ್ತದೆಂಬ ಸುದ್ದಿ 2013ರಲ್ಲಿ ಬಂದಾಗ ನಾನು ನಿವೃತ್ತನಾಗಿದ್ದೆ. ಪಠ್ಯಪುಸ್ತಕದಲ್ಲಿ ಇರಲಿಲ್ಲ ಎಂಬ ನೆಪ ನನಗಿದೆ. ಆದರೆ ಆ ಬೀಗದ ಬಾಗಿಲನ್ನು ದಿನವೂ ಶಾಲೆಗೆ ಹೋಗುತ್ತಾ ನೋಡಿದವನಿಗೆ ಪಠ್ಯಪುಸ್ತಕವೇ ಬೇಕಿತ್ತೇ?

ಆ ವರ್ಷದ ಕೊನೆಯ ದಿನದ ಸುದ್ದಿಯೊಂದನ್ನೂ ಆಗ ಹೇಳಿರಲಿಲ್ಲ. 1948ರ ಡಿಸೆಂಬರ್ 31ರಂದು ಕಲ್ಕತ್ತೆಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತದ ಪರವಾಗಿ ಮೊದಲ ಟೆಸ್ಟ್ ಆಡಲು ಇಳಿದವರಲ್ಲಿ ಹೈದರಾಬಾದಿನ ಆಫ್ ಸ್ಪಿನ್ನರ್ ಗುಲಾಂ ಅಹ್ಮದ್ ಇದ್ದರು. ಅವರ ಊರು ಭಾರತಕ್ಕೆ ಸೇರಿ ಆಗ ನಾಲ್ಕು ತಿಂಗಳೂ ತುಂಬಿರಲಿಲ್ಲ. ಮುಂದೆ ಅವರು ಭಾರತ ತಂಡದ ನಾಯಕರೂ ಆದರು.

ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ನಿಮ್ಮಲ್ಲಿ ಯಾರಾದರೂ ಇನ್ನೂ ಇಟ್ಟುಕೊಂಡಿದ್ದರೆ, ಸೆಪ್ಟೆಂಬರ್ 17ರ ಗೆರೆಯ ಕೆಳಗೆ ಇಷ್ಟನ್ನು ಸೇರಿಸಿಕೊಳ್ಳಿರಿ. ನಿಮ್ಮ ಮನೆಯ ಹಿರಿಯರು ಆ ಚಳಿಗಾಲದ ಬಗ್ಗೆ ಏನಾದರೂ ಹೇಳಿದ್ದರೆ ನನಗೆ ಬರೆದು ತಿಳಿಸಿರಿ.